ಚಾಕಿ ಹುಳುವಿನ ಕಾವಲುಗಾರ

ಕನಕಪುರದಲ್ಲಿ ಬಸ್ಸು ಹತ್ತಿದ ಒಬ್ಬ ಹೆಣ್ಣುಮಗಳು ನನ್ನ ಪಕ್ಕದಲ್ಲಿ ಕೂತ ಕೂಡಲೇ, ನಡುವೆ ಇದ್ದ ಪೆಟ್ಟಿಗೆಯನ್ನು ನಾನು ಕಿಟಕಿಯ ಕಡೆಗೆ ಎಳೆದುಕೊಂಡೆ. ಅದರಲ್ಲಿ, ಮೊಟ್ಟೆಯೊಡೆದ ಹುಳುಗಳನ್ನು ಕೆಲವು ದಿನ ಸಾಕಿ ಕೊಡುವ ಚಾಕಿ ಕೇಂದ್ರದಿಂದ ತಂದ ರೇಷ್ಮೆಯ ಮರಿಹುಳುಗಳಿದ್ದವು. ಆಕೆಯ ಮುಖ ನೋಡಿ, ಈಶಾನ್ಯ ರಾಜ್ಯದವಳು ಎಂದು ತೀರ್ಮಾನಿಸಿದ್ದೆ. ಆ ಕಡೆಯವರು ಹುಳು ತಿನ್ನುತ್ತಾರೆ ಎಂದು ಯಾರೋ ಹೇಳಿದ್ದು ನೆನಪಾಗಿತ್ತು. ನನ್ನ ಒಂದು ಬೆಳೆಯನ್ನೇ ಆಕೆ ದಾರಿಯಲ್ಲಿ ತಿಂದು ಮುಗಿಸುತ್ತಾಳೆ ಎಂಬಂತೆ, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಾವಲು ಕೂತೆ.

ಸ್ವಲ್ಪ ದೂರ ಹೋದ ಮೇಲೆ ಆಕೆ ಮೆಲ್ಲಗೆ ಹೇಳಿದಳು: “ಅಣ್ಣಾ, ಚಾಕಿ ಹುಳ ಬಿಸ್ಲಿಗೆ ಮಡಗ್ಬುಟ್ಟಿದ್ದೀರಲ್ಲ, ಬೆಂದೋಯ್ತವೆ. ಇತ್ಲಾಗೆ ಕೊಡಿ.”

ಕೈಯಿಟ್ಟೇ ಕೂತಿದ್ದರೂ ಪೆಟ್ಟಿಗೆ ಕಾದಿರುವುದು ನನಗೆ ತಿಳಿದದ್ದು ಆಗಲೇ. ಇಪ್ಪತ್ತು ವರ್ಷದಿಂದ ಹುಳು ಮೇಯಿಸುವವನು ನಾನು. ಪೆಟ್ಟಿಗೆಯನ್ನು ಎತ್ತಿ ಕೊಟ್ಟೆ. ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು ವೇಲಿನಿಂದ ನೆರಳು ಮಾಡಿದಳು.

“ನಿಮಗೆ ಇದೆಲ್ಲಾ ಎಂಗಮ್ಮ ಗೊತ್ತು?” ಎಂದೆ.

“ದೊಡ್ಡಆಲಹಳ್ಳಿಲಿ ಆರು ವರ್ಷದಿಂದ ಹುಳಿನ ಮನೇಲೇ ಕೆಲ್ಸ ಮಾಡ್ತಾ ಇವ್ನಿ ಕಣಣ್ಣ. ನೀವು ಹುಳ ಸಾಕೋದು ಹೊಸ್ದಾ?”

ಹೌದು ಎಂದು ತಲೆಯಾಡಿಸಿದೆ. ನಾನು ಇಳಿಯುವವರೆಗೂ ಆಕೆ ಪೆಟ್ಟಿಗೆಯನ್ನು ಹಾಗೆಯೇ ಹಿಡಿದಿದ್ದಳು.

ಮನೆಯಲ್ಲಿ ತಟ್ಟೆಗೆ ಬಿಟ್ಟಾಗ ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು. “ಇಂಥ ಬಿಸ್ಲಲ್ಲೂ ಜ್ವಾಪಾನವಾಗಿ ತಂದಿದ್ದೀರಲ್ಲ” ಎಂದು ಹೆಂಡತಿ ಹೊಗಳಿದಳು. ನಾನು ಇನ್ನಷ್ಟು ಸೊಪ್ಪು ಹರಡಿದೆ. ಆ ಹೊಗಳಿಕೆ ಯಾರಿಗೆ ಸೇರಬೇಕಾದದ್ದು ಎಂಬುದು ಅವಳಿಗೂ ಈ ಪತ್ರಿಕೆಗೆ ನಾನು ಬರೆದ ಇದನ್ನು ಓದಿದ ಮೇಲೆಯೇ ತಿಳಿಯಬೇಕು.