ಬೇವಿನ ಮರಕ್ಕೆ ಕಟ್ಟಿದ ಹಸಿರು ಖಣ

ಸರಕಾರಿ ಬಸ್ಸಿನ ಖಾಕಿ ಅಂಗಿ ತೊಟ್ಟ ದಿನ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೂ ಮೊದಲು ಆರು ವರ್ಷ ಇದೇ ಬನಹಟ್ಟಿ-ಜಮಖಂಡಿ ದಾರಿಯಲ್ಲಿ ಒಬ್ಬ ಖಾಸಗಿ ಮಾಲಕನ ಇದ್ದಲಿ ಗಾಡಿಗೆ ನಾನೇ ಕಂಡಕ್ಟರ್. ಅದನ್ನು ಬಸ್ಸು ಅನ್ನುವುದಕ್ಕೂ ಧೈರ್ಯ ಬೇಕಿತ್ತು. ಹಿಂದೆ ಇದ್ದಲಿ ಉರಿಯುವ ಉದ್ದನೆಯ ಡಬ್ಬಿ, ಅದರ ಹೊಗೆಯಿಂದಲೇ ಇಂಜಿನ್ನು ಓಡಬೇಕು. ಗಾಳಿ ತಿರುವಿ ತಿರುವಿ ಅದನ್ನು ಹೊತ್ತಿಸುವಷ್ಟರಲ್ಲಿ ತೋಳು ಸೋತು ಹೋಗುತ್ತಿದ್ದವು. ಏರು ಬಂದರೆ ಗಂಡಸರೆಲ್ಲ ಇಳಿದು ದಬ್ಬಬೇಕು. ಹೊರಡುವ ವೇಳೆ ಎಂದರೆ ಮಾಲಕನ ಚಹಾ ಮುಗಿಯುವ ವೇಳೆ. ಯಾರೋ ನೂಲಿನ ವ್ಯಾಪಾರಿ "ಜಳಕಾ ಮಾಡಿ ಬರತೇನಿ, ಗಾಡಿ ನಿಂದ್ರಸ್ರಿ" ಎಂದು ಹೇಳಿ ಕಳಿಸಿದರೆ ಗಾಡಿ ನಿಂತೇ ಬಿಡುತ್ತಿತ್ತು. ಕೋರ್ಟಿನ ತಾರೀಖು ಇದ್ದವರು ಒಳಗೆ ಕುಳಿತು ನನ್ನ ಹಿರಿಯರನ್ನೆಲ್ಲ ಎಬ್ಬಿಸಿ ಬೈಯುತ್ತಿದ್ದರು. ಆ ಬೈಗುಳ ತಿಂದು ತಿಂದು ನನಗೆ ಆ ಗಾಡಿಯ ಮೇಲೇ ಸಿಟ್ಟು ಹುಟ್ಟಿತ್ತು.

ಆದರೆ ಆ ಗಾಡಿಗೆ ಒಂದು ಪದ್ಧತಿ ಇತ್ತು. ಚಿಮ್ಮಡದ ಕಡೆಯ ಹೊಲಗಳಿಂದ ಬರುವ ಗಾಡಿದಾರಿ ದೊಡ್ಡ ರಸ್ತೆಗೆ ಕೂಡುವಲ್ಲಿ ಒಂದು ಬೇವಿನ ಮರ. ಯಾವ ಹೆಣ್ಣುಮಗಳಿಗಾದರೂ ಬೇನೆ ಸುರುವಾಗಿ, ಸೂಲಗಿತ್ತಿ ಇದು ತನ್ನ ಕೈಲಾಗದು ಎಂದರೆ, ಮನೆಯವರು ಮೊದಲು ಒಬ್ಬರನ್ನು ಓಡಿಸಿ ಆ ಮರದ ಟೊಂಗೆಗೆ ಹಸಿರು ಕುಬಸದ ಖಣ ಕಟ್ಟಿಸುತ್ತಿದ್ದರು. ಖಣ ಕಂಡರೆ ನಮ್ಮ ಗಾಡಿ ನಿಲ್ಲಬೇಕು. ಎತ್ತಿನ ಗಾಡಿ ಬರುವ ತನಕ, ಎಷ್ಟು ಹೊತ್ತಾದರೂ, ಕಾಯಬೇಕು. ಹಿಂದಿನ ಸೀಟಿನವರು ಎದ್ದು ಜಾಗ ಬಿಡುತ್ತಿದ್ದರು, ಹೆಂಗಸರು ಸೀರೆ ಅಡ್ಡ ಹಿಡಿಯುತ್ತಿದ್ದರು, ನೇರವಾಗಿ ಜಮಖಂಡಿ ದವಾಖಾನೆಯ ಬಾಗಿಲಿಗೇ ಹೋಗಿ ಇಳಿಸುತ್ತಿದ್ದೆವು. ಆ ದಿನ ಮಾತ್ರ ಯಾರೂ ಬೈಯುತ್ತಿರಲಿಲ್ಲ.

ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾದ ಮೇಲೆ ಸರಕಾರಿ ಬಸ್ಸು ಬಂತು. ಖಾಸಗಿ ಗಾಡಿಗಳು ಬಂದಾದವು. ಹೊಸ ಬಣ್ಣ, ಡಿಸೇಲ್ ಇಂಜಿನ್ನು, ಗಾಜಿನ ಕಿಟಕಿ, ಮೇಲೆ ಉದ್ದಕ್ಕೆ ಗಂಟೆಯ ಹಗ್ಗ. ಒಮ್ಮೆ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ನಮ್ಮನ್ನು ಮುಧೋಳದಲ್ಲಿ ಎಂಟು ದಿನ ಕೂಡಿಸಿ ಪಾಠ ಹೇಳಿದರು. ಕಲಿಸಲು ಬಂದ ಸಾಹೇಬರು ಮರಾಠಿಯವರು, ನಮಗಾಗಿ ಹರಕು ಕನ್ನಡ ಕೂಡಿಸಿಕೊಂಡಿದ್ದರು: "ಬೋರ್ಡ ಐತಿ, ಥಾಂಬಾ. ಬೋರ್ಡ ಇಲ್ಲ, ಥಾಂಬಾ ಇಲ್ಲ." ಬೋರ್ಡಿದ್ದಲ್ಲಿ ನಿಲ್ಲಿಸು, ಇಲ್ಲದಲ್ಲಿ ನಿಲ್ಲಿಸಬೇಡ: ನನಗೆ ಆ ಮಾತು ಬಹಳ ಹಿಡಿಸಿತು. ಇನ್ನು ಯಾರ ಜಳಕಕ್ಕೂ ಕಾಯಬೇಕಿಲ್ಲ! ಕೈಗೆ ಒಂದು ಗಡಿಯಾರ ಕಟ್ಟಿಕೊಂಡೆ. ಜಮಖಂಡಿಯನ್ನು ಹೇಳಿದ ವೇಳೆಗೆ ಮುಟ್ಟಿದಾಗಲೆಲ್ಲ ಬಸ್ಸನ್ನು ನಾನೇ ಓಡಿಸಿ ತಂದ ಹಾಗೆ ಬೀಗುತ್ತಿದ್ದೆ.

ಬೇವಿನ ಮರಕ್ಕೆ ಬೋರ್ಡು ಬರಲಿಲ್ಲ. ಅದಕ್ಕಿಂತ ಒಂದು ಮೈಲು ಮುಂದೆ, ಜಮಖಂಡಿಯ ಕಡೆಗೆ, ಸ್ಟಾಪು ಮಾಡಿದ್ದರು.

ಆ ಗಾಡಿದಾರಿಯ ಒಳಗೆ ಒಬ್ಬ ಮುದುಕನ ಹೊಲಮನೆ. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಬೇಸಗೆಯಲ್ಲೂ ಹೆಗಲಿನಿಂದ ಕಂಬಳಿ ಇಳಿಸಿದವನಲ್ಲ. ಇದ್ದಲಿ ಗಾಡಿ ಮರದಡಿ ಕೆಟ್ಟು ನಿಂತಾಗಲೆಲ್ಲ ನನಗೆ ರೊಟ್ಟಿ, ಮಜ್ಜಿಗೆ ತಂದುಕೊಟ್ಟವನು. ನಾನು ಅವನಿಗೆ ಕಾಕಾ ಅನ್ನುತ್ತಿದ್ದೆ, ಅವನು ನನಗೆ ತಮ್ಮಾ ಅನ್ನುತ್ತಿದ್ದ. ಅವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬನಹಟ್ಟಿ ಸಂತೆಯಲ್ಲಿ ಸಿಕ್ಕಾಗ ನಾನೇ ಅವನಿಗೆ ಹೇಳಿದೆ: "ಕಾಕಾ, ಈಗಿನ ಬಸ್ಸು ಮರದ ಹತ್ತರ ನಿಂದ್ರೂದಿಲ್ಲ. ಬೋರ್ಡಿದ್ದಲ್ಲೇ ಬರಬೇಕು ನೋಡ."

ಅವನು ನಕ್ಕುಬಿಟ್ಟ. "ಅದು ಬ್ಯಾರೆ ಮಂದೀಗಿ ಇರತೈತಿ ತಮ್ಮಾ. ಬಸ್ಸಿನ್ಯಾಗ ನೀ ಅದೀ ಅಲ್ಲ."

ನಾನೂ ನಕ್ಕೆ. ಇಲ್ಲ, ಖರೇನೇ ನಿಲ್ಲುವುದಿಲ್ಲ ಎಂದು ಒತ್ತಿ ಹೇಳಲಿಲ್ಲ. ಅವನ ಆ ಭರವಸೆ ನನಗೆ ಆಗ ಮರ್ಯಾದೆಯಂತೆ ಕಂಡಿತ್ತು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ, ಬನಹಟ್ಟಿ ಬಿಟ್ಟಾಗ ನಾವು ಏಳು ನಿಮಿಷ ತಡವಾಗಿದ್ದೆವು. ಹಿಂದಿನ ವಾರವಷ್ಟೇ ಬೋರ್ಡಿಲ್ಲದಲ್ಲಿ ನೂಲಿನ ಗಂಟು ಇಳಿಸಿಕೊಟ್ಟದ್ದಕ್ಕೆ ನನಗೆ ತಾಕೀತಿನ ಕಾಗದ ಬಂದಿತ್ತು. ಇನ್ನೊಂದು ಬಂದರೆ ಖಾಕಿ ಬಿಚ್ಚಬೇಕು. ದೂರದಿಂದಲೇ ಬೇವಿನ ಮರದಲ್ಲಿ ಎಲೆಯದಲ್ಲದ ಹಸಿರು ಕಂಡಿತು. ಡ್ರೈವರ್ ಸಾತಾರಾ ಕಡೆಯವನು, ಅವನಿಗೆ ಅದು ಬರೀ ಬಟ್ಟೆ. ಅದರ ಅರ್ಥ ತಿಳಿದು, ಹಗ್ಗಕ್ಕೆ ಕೈ ಎಟಕುವಲ್ಲಿ ನಿಂತವನು ನಾನೊಬ್ಬನೇ.

"ಕಂಡಕ್ಟರಾ, ಖಣಾ ಕಟ್ಯಾರ ನೋಡೋ!" ಎಂದ ಹಿಂದಿನಿಂದ ಒಬ್ಬ ನೇಕಾರ.

ನನ್ನ ಬಾಯಿಂದ ಬಂದ ಮಾತು ಇದು: "ಇದು ಸ್ಟಾಪ್ ಅಲ್ಲರಿ."

ಕೈ ಹಗ್ಗದ ಮೇಲೇ ಇತ್ತು. ಎಳೆಯಲಿಲ್ಲ. ಕಿಟಕಿಯಲ್ಲಿ ಮರ ಹಾದು ಹೋಯಿತು, ಅದರ ನೆರಳಲ್ಲಿ ಎತ್ತಿನ ಗಾಡಿ ಹಾದು ಹೋಯಿತು. ಮುದುಕ ಎರಡೂ ಕೈ ಎತ್ತಿ ಬಸ್ಸಿನ ಹಿಂದೆ ಓಡಿದ. ಕಂಬಳಿ ಜಾರಿ ಬಿತ್ತು, ಅವನು ನೋಡಲಿಲ್ಲ. ನಾನು ಗಡಿಯಾರ ನೋಡಿಕೊಂಡೆ. ಹೌದು, ನೋಡಿಕೊಂಡೆ, ಇಷ್ಟು ವರ್ಷವಾದರೂ ನನ್ನ ಬಗ್ಗೆ ನನಗೆ ಹೇಸಿಕೆ ಬರುವುದು ಅದಕ್ಕೇ.

ಆಮೇಲಿನದನ್ನು ಜನರಿಂದ ಕೇಳಿದೆ. ನಸುಕಿನಲ್ಲೇ ಹೊರಟವರು ಎತ್ತಿನ ಗಾಡಿಯಲ್ಲೇ ನೆಟ್ಟಗೆ ಜಮಖಂಡಿಗೆ ಹೋಗಬಹುದಿತ್ತಂತೆ. ಬಸ್ಸು ಬೇಗ ಮುಟ್ಟಿಸುತ್ತದೆ ಎಂದು ಮರದಡಿ ಎರಡು ತಾಸು ಕಾದಿದ್ದರು. ನಾವು ಹೋದ ಮೇಲೆ ಎತ್ತು ಹೊಡೆದುಕೊಂಡು ಹೊರಟರು. ಹಾದಿಯಲ್ಲೇ ಹೆರಿಗೆಯಾಯಿತು. ಕೂಸು ಉಳಿಯಿತು. ಅವಳು ದವಾಖಾನೆ ಕಾಣಲಿಲ್ಲ.

ನನಗೆ ಯಾರೂ ಏನೂ ಅನ್ನಲಿಲ್ಲ. ಕಾನೂನಿನಲ್ಲಿ ನನ್ನ ತಪ್ಪೂ ಇರಲಿಲ್ಲ. ಆದರೆ ಬಸ್ಸಿನಲ್ಲಿದ್ದವರೆಲ್ಲ ಅದೇ ಸೀಮೆಯವರು. ನಾನು ಆಡಿದ ಮಾತು ಅಂದೇ ಮುದುಕನ ಹೊಲಮನೆ ಮುಟ್ಟಿತ್ತು. ಅವಳ ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ಖಣವನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಬಿಸಿಲಿಗೆ ಅದು ಬೆಳ್ಳಗಾಗಿ, ಚಿಂದಿಯಾಗಿ, ಎಳೆ ಎಳೆಯಾಗಿ ಹೋಗುವವರೆಗೂ ದಿನಕ್ಕೆ ಎರಡು ಸಲ ಅದರ ಕೆಳಗೆ ಹಾದು ಹೋದೆ.

ಮುದುಕ ಬಸ್ಸು ಹತ್ತುವುದನ್ನೇ ಬಿಟ್ಟಿದ್ದ. ನಾಲ್ಕು ವರ್ಷವಾಗಿರಬೇಕು, ಒಂದು ಬೆಳಗ್ಗೆ ಅವನು ಮೊಮ್ಮಗಳ ಕೈ ಹಿಡಿದು ಮರದ ಹತ್ತಿರ ರಸ್ತೆಗೆ ಬರುತ್ತಿದ್ದ. ಸ್ಟಾಪಿಗೆ ಹೊರಟಿದ್ದಾನೆ ಎಂದುಕೊಂಡೆ, ಅದು ಇನ್ನೂ ಒಂದು ಮೈಲು. ಆ ಎಳೆಯ ಕಾಲಲ್ಲಿ ನಮ್ಮ ಬಸ್ಸು ಅವರಿಗೆ ಸಿಗುವಂತಿರಲಿಲ್ಲ. ನಾನು ಹಗ್ಗ ಎಳೆದೆ. ಡ್ರೈವರ್ ತಿರುಗಿ ನೋಡಿ, ಗೊಣಗಿ, ನಿಲ್ಲಿಸಿದ.

ಬಾಗಿಲು ತೆರೆದು ಇಳಿದೆ. "ಕಾಕಾ, ಬರ್ರಿ. ಹತ್ತರಿ" ಎಂದೆ.

ಹುಡುಗಿ ಬಸ್ಸು ಕಂಡು ಹಿಗ್ಗಿ ಓಡಿ ಬಂದಳು, ಮೆಟ್ಟಿಲಿಗೆ ಕೈಯನ್ನೂ ಇಟ್ಟಳು. ಮುದುಕ ಬಂದು ಮೆಲ್ಲಗೆ ಆ ಕೈ ಬಿಡಿಸಿ ಅವಳನ್ನು ತನ್ನ ಕಡೆಗೆ ಎಳೆದುಕೊಂಡ. ನನ್ನ ಮುಖ ನೋಡಿದ. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

"ಇದು ಸ್ಟಾಪ್ ಅಲ್ಲರಿ ಸಾಹೇಬ್ರ" ಎಂದ. "ಹೋಗ್ರಿ, ನಿಮಗ ಹೊತ್ತಾಕ್ಕತಿ."

ಮೊಮ್ಮಗಳನ್ನು ಕಂಬಳಿಯ ಮೇಲೆ ಹೆಗಲಿಗೆ ಏರಿಸಿಕೊಂಡು ರಸ್ತೆಯ ಅಂಚು ಹಿಡಿದು ನಡೆದ. ಹುಡುಗಿ ತಿರುಗಿ ತಿರುಗಿ ಬಸ್ಸನ್ನೇ ನೋಡುತ್ತಿದ್ದಳು. ನಾನು ಮೇಲೆ ಹತ್ತಿ ಎರಡು ಸಲ ಹಗ್ಗ ಎಳೆದೆ. ಜಮಖಂಡಿಯನ್ನು ಸರಿಯಾದ ವೇಳೆಗೆ ಮುಟ್ಟಿದೆವು.