ಚಿಕ್ಕಬೋರಯ್ಯ ಹುಡುಕುತ್ತಿರುವ ಓವನ್

ತುಮಕೂರಿನ ಗುಬ್ಬಿ ಗೇಟ್ ಬಳಿ ಚಿಕ್ಕಬೋರಯ್ಯನವರ ಸ್ಟೌವ್ ರಿಪೇರಿ ಅಂಗಡಿ ಇದೆ. ಸಿ.ಎಸ್. ಪುರದಲ್ಲಿ ಹುಟ್ಟಿದ ಅವರು ಮೊದಲು ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೌವ್ ಜೋಡಿಸುತ್ತಿದ್ದರು. ಅದು ಮುಚ್ಚಿದ ಮೇಲೆ ರಿಪೇರಿಗೆ ಇಳಿದರು. ಯಾವ ಸ್ಟೌವನ್ನೇ ಆಗಲಿ, ಸೋಪಿನ ನೊರೆ ಬಳಿದು ಗ್ಯಾಸ್ ಸೋರುತ್ತದೆಯೇ ಎಂದು ನೋಡದೆ ವಾಪಸು ಕೊಡುವವರಲ್ಲ. ಪಕ್ಕದ ಟೀ ಅಂಗಡಿಯವನು, ‘ಬೋರಣ್ಣ, ಹಂಗೇ ಎಣ್ಣೆನೀರೂ ಹಾಕ್ಬುಡು’ ಎಂದು ರೇಗಿಸುತ್ತಾನೆ. ಇಷ್ಟು ಎಚ್ಚರದ ಮನುಷ್ಯ ಈಗ ಎರಡು ವರ್ಷದಿಂದ ಒಂದು ಓವನ್ ಹುಡುಕುತ್ತಿದ್ದಾರೆ.

ಅದು ಗುಬ್ಬಿಯ ಪ್ರೇಮಲತಾ ಅವರ ಗ್ಯಾಸ್ ಓವನ್. ಆಕೆ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದರು. ಹೊಸ ವರ್ಷಕ್ಕೆ ಬೀದಿಬೀದಿಯಿಂದ ಕೇಕಿನ ಆರ್ಡರ್ ಬಂದಿದ್ದ ಹೊತ್ತಿಗೇ ಓವನ್ ಕೈಕೊಟ್ಟಿತು. ಉರಿ ಆರಿದರೆ ಗ್ಯಾಸನ್ನು ತಾನಾಗಿಯೇ ನಿಲ್ಲಿಸುವಂತೆ ಮಾಡುವ ಸೆನ್ಸರ್ ಹಾಳಾಗಿತ್ತು. ಹಾಗಾಗಿ ನಾಬಿನಿಂದ ಕೈ ತೆಗೆದರೆ ಸಾಕು, ಉರಿ ಆರುತ್ತಿತ್ತು. ಓವನ್ ತಯಾರಿಸಿದ ಕಂಪನಿ ಆ ಮಾಡೆಲನ್ನು ಎಂದೋ ನಿಲ್ಲಿಸಿತ್ತು. ಚಿಕ್ಕಬೋರಯ್ಯ ಮಂಡಿಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಅದರ ಸೆನ್ಸರ್ ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದ್ದು ಗಿಡ್ಡವಾಗಿತ್ತು.

‘ಅಣ್ಣ, ದುಡ್ಡು ಇಸ್ಕೊಂಡ್ಬಿಟ್ಟಿದೀನಿ. ನಾಳೆ ಎಲ್ರೂ ಬಂದು ಬಾಗ್ಲಲ್ಲಿ ನಿಲ್ತಾರೆ. ಏನಾದ್ರೂ ಮಾಡಿ’ ಎಂದರು ಆಕೆ. ಅಳುವುದೊಂದು ಬಾಕಿ.

ಚಿಕ್ಕಬೋರಯ್ಯ ಗ್ಯಾಸನ್ನು ತಡೆಯುವ ಒಳಭಾಗವನ್ನೇ ತೆಗೆದು ಜೇಬಿಗೆ ಹಾಕಿಕೊಂಡರು. ಈಗ ಕೈ ಬಿಟ್ಟರೂ ಉರಿ ಆರಲಿಲ್ಲ. ಆದರೆ ಗಾಳಿಗೋ ಮತ್ತೊಂದಕ್ಕೋ ಆರಿತೆಂದರೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ.

‘ಏನ್ ಮಾಡಿದ್ರಣ್ಣ?’

‘ಅಡ್ಜಸ್ಟ್ ಮಾಡಿವ್ನಿ ಕಣವ್ವ. ಹೊಸ ವರ್ಷ ಕಳೀಲಿ, ಪಾರ್ಟು ಸಿಕ್ಕಿದ್ ದಿನ ಬಂದು ಹಾಕ್ಕೊಡ್ತೀನಿ. ಓವನ್ ಬಿಟ್ಟು ಎದ್ದೋಗ್ಬೇಡ.’

ಇಷ್ಟೇ ಹೇಳಿದ್ದು. ಕೇಕಿನ ಹಿಟ್ಟು ಕಲೆಸಿಟ್ಟುಕೊಂಡ ಹೆಣ್ಣುಮಗಳನ್ನು ಹೆದರಿಸುವುದು ಯಾಕೆ ಎಂದುಕೊಂಡರು. ‘ಅಡ್ಜಸ್ಟ್ ಮಾಡಿವ್ನಿ’ ಎನ್ನುವುದು ರಿಪೇರಿಯವರು ದಿನಾ ಆಡುವ ಮಾತು. ಕೇಳಿದವರೂ ಮುಂದಕ್ಕೆ ಕೇಳುವುದಿಲ್ಲ.

ಪಾರ್ಟಿನ ಹುಡುಕಾಟ ಮಾತ್ರ ಅವರು ಬಿಡಲಿಲ್ಲ. ಶಿವರಾತ್ರಿ ಕಳೆದ ಮೇಲೆ ನೆಂಟರ ಗೃಹಪ್ರವೇಶಕ್ಕೆಂದು ಕುಣಿಗಲ್‌ಗೆ ಹೋಗಿದ್ದಾಗ, ಗುಜರಿ ಅಂಗಡಿಯೊಂದರಲ್ಲಿ ಅದೇ ಮಾಡೆಲಿನ ಓವನ್ ತುಕ್ಕು ಹಿಡಿದು ಬಿದ್ದಿತ್ತು. ಹೊಸ ಪಂಚೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು ಸೆನ್ಸರ್ ಬಿಚ್ಚಿದರು. ‘ಊಟಕ್ಕೆ ಕರುದ್ರೆ ಗುಜ್ರಿಗೆ ಬಂದವ್ನಲ್ಲಪ್ಪ’ ಎಂದು ಹೆಂಡತಿ ಹನುಮಮ್ಮ ಬೈದರು. ಬೈಗುಳವೂ ಅಂದು ಹಿತವಾಗಿತ್ತು. ಮಾರನೆಯ ದಿನ ಮೊದಲ ಬಸ್ಸಿಗೇ ಗುಬ್ಬಿಗೆ ಹೋದರು.

ಪ್ರೇಮಲತಾರ ಅಡುಗೆಮನೆಯಲ್ಲಿ ಹೊಸ ಕರೆಂಟ್ ಓವನ್ ಕೂತಿತ್ತು.

‘ಹಳೇದು ಮಾರ್ಬಿಟ್ಟೆ ಅಣ್ಣ. ಫೋನಲ್ಲಿ ಫೋಟೋ ಹಾಕಿದ್ದೆ, ಯಾರೋ ಬಂದು ಆಟೋದಲ್ಲಿ ತಗೊಂಡೋದ್ರು.’

‘ಅವ್ರಿಗೆ ಹೇಳ್ದ್ಯಾ ತಾಯಿ?’

‘ಏನಂತ ಹೇಳ್ಲಿ? ಚೆನ್ನಾಗೇ ಉರೀತಿತ್ತಲ್ಲ! ಬೋರಣ್ಣ ರಿಪೇರಿ ಮಾಡಿರೋದು, ನಂಬಿ ತಗೊಳ್ಳಿ ಅಂದೆ.’

ಚಿಕ್ಕಬೋರಯ್ಯ ಆಕೆಯ ಫೋನಿನಿಂದ ಕೊಂಡವರ ನಂಬರ್ ತೆಗೆಸಿಕೊಂಡರು. ಕರೆ ಮಾಡಿದರೆ, ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು.

ಎಲ್ಲರ ಅಡುಗೆಮನೆಗೂ ಹೋಗುವವರು ಸಿಲಿಂಡರ್ ಹಾಕುವವರಲ್ಲವೇ? ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಗ್ಯಾಸ್ ಏಜೆನ್ಸಿಗಳ ಮುಂದೆ ನಿಂತು, ‘ಬಿಳೀ ಓವನ್, ಬಾಗ್ಲು ಗಾಜಿನ ಮೂಲೇಲಿ ಬಿರುಕು ಬಿಟ್ಟೈತೆ. ಕಂಡ್ರೆ ಒಂದು ಫೋನ್ ಮಾಡ್ರಪ್ಪ’ ಎಂದು ಕೇಳಿಕೊಂಡರು. ‘ಕಳೆದೋಗಿರೋ ಎಮ್ಮೆ ಹುಡುಕ್ದಂಗೆ ಹುಡುಕ್ತೀಯಲ್ಲ ಬೋರಣ್ಣ’ ಎಂದು ಅವರು ನಕ್ಕರು. ಪತ್ರಿಕೆಯಲ್ಲಿ ಸಿಲಿಂಡರ್ ಅನಾಹುತದ ಸುದ್ದಿ ಬಂದ ದಿನ ಹನುಮಮ್ಮ ಮೊದಲು ಊರಿನ ಹೆಸರು ಓದಿಸಿ ಕೇಳುತ್ತಾರೆ.

ಕಳೆದ ತಿಂಗಳು ಕುಣಿಗಲ್‌ನಿಂದ ಫೋನ್ ಬಂತು. ಚಿಕ್ಕಬೋರಯ್ಯ ಸೆನ್ಸರನ್ನೂ ಅಂದು ತೆಗೆದಿದ್ದ ಒಳಭಾಗವನ್ನೂ ಜೇಬಿಗೆ ಹಾಕಿಕೊಂಡು ಓಡಿದರು. ಓವನ್ ಅದೇ ಮಾಡೆಲ್, ಅದೇ ಬಿಳಿ. ಆದರೆ ಬಿರುಕು ಗಾಜಿನ ಇನ್ನೊಂದು ಕಡೆಗಿತ್ತು. ಬಿಚ್ಚಿ ನೋಡಿದರು. ಒಳಗೆ ಎಲ್ಲವೂ ಇದ್ದ ಜಾಗದಲ್ಲೇ ಇತ್ತು.

‘ಯಾಕ್ರೀ, ಏನಾಗಿದೆ?’ ಎಂದು ಮನೆಯಾಕೆ ಕೇಳಿದರು.

ಚಿಕ್ಕಬೋರಯ್ಯ ಮೊದಲಿನಿಂದ ಎಲ್ಲವನ್ನೂ ಹೇಳಿದರು. ತಾವು ತೆಗೆದದ್ದು ಏನು, ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ. ಮಾತು ಮುಗಿಯುವ ಮುಂಚೆಯೇ ಆಕೆ ಎದ್ದು ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆರೆದರು.

‘ನಿಮ್ದು ಚೆನ್ನಾಗೈತೆ ಕಣವ್ವ.’

‘ಇರ್ಲಿ ಬಿಡಿ. ಕೇಳಿದ್ಮೇಲೆ ಹೆಂಗ್ ಸುಮ್ನಿರೋದು?’

ಅಂದು ಮನೆಗೆ ಬಂದವರು ತಟ್ಟೆಯ ಮುಂದೆ ಕೂತರೂ ಮುದ್ದೆ ಮುರಿಯಲಿಲ್ಲ. ‘ಹೇಳುದ್ರೆ ಕೇಳ್ತಾರೆ ಕಣೇ ಜನ,’ ಎಂದರು ಹನುಮಮ್ಮನಿಗೆ. ‘ನಾನೇ ಹೇಳ್ಲಿಲ್ಲ.’