ಮೀನೆಣ್ಣೆ ಕುಡಿದ ದೊರೆಸಾನಿ

ಬೊಕ್ಕಪಟ್ಣದಲ್ಲಿ ನಮ್ಮ ಪಕ್ಕದ ಮನೆ ಅಕ್ಕುವಿನದು. ಬುಟ್ಟಿ ಹೊತ್ತು ಕಂಕನಾಡಿಯ ಮನೆಮನೆಗೆ ಮೀನು ಕೊಡುವವಳು. ಗಂಡ ಬೂಬ ಬದುಕಿದ್ದಷ್ಟು ಕಾಲ ಅವನ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು.

ಎಪ್ಪತ್ತನಾಲ್ಕರಲ್ಲಿ ಕಂಕನಾಡಿಯ ರೊಸಾಲಿನ್ ಬಾಯಿ ಮನೆ ಖಾಲಿ ಮಾಡಿ ಬೊಂಬಾಯಿಗೆ ಹೊರಟಾಗ ಅಕ್ಕುವಿಗೊಂದು ಗೊಂಬೆ ಕೊಟ್ಟರು. ಅವರ ಅಜ್ಜನ ಕಾಲದ್ದು, ಹಡಗಿನಲ್ಲಿ ಬಂದದ್ದಂತೆ. ಪಿಂಗಾಣಿ ಮುಖದ ದೊರೆಸಾನಿ, ಬೆನ್ನಿನಲ್ಲಿ ಕೀಲಿ. ತಿರುಗಿಸಿದರೆ ಹೊಟ್ಟೆಯೊಳಗೆ ಕಿಣಿಕಿಣಿ ಹಾಡು; ಅವಳು ಕತ್ತು ಹೊರಳಿಸಿ ಬೀಸಣಿಗೆ ಬೀಸಬೇಕು. ಆದರೆ ತುಕ್ಕು ಹಿಡಿದು ಕತ್ತು ಅರ್ಧಕ್ಕೇ ನಿಲ್ಲುತ್ತಿತ್ತು, ಹೊಸ ಮದುಮಗಳ ಹಾಗೆ.

ಆಗಲೇ ಅಕ್ಕುವಿನ ಮಗಳು ಕುಮುದಿನಿಯನ್ನು ನೋಡಲು ಗಂಡಿನವರು ಬರುವುದೆಂದಾಯಿತು. ಹಿಂದೆ ಬಂದವರು ಒಂದು ಹಾಡು ಹೇಳಲಿ ಎಂದಿದ್ದರು. ಹೇಳಿದಳು. ಅವರು ಚಾ ಅರ್ಧಕ್ಕೆ ಬಿಟ್ಟು ಎದ್ದರು. ಈ ಹುಡುಗ ದೇವದಾಸ ಬೋಟಿನಲ್ಲಿ ದುಡಿಯುವವ, ಕುಡಿಯುವವನಲ್ಲ. ಕುಮುದಿನಿಗೂ ಮನಸ್ಸಿತ್ತು. ಇದು ತಪ್ಪಿಹೋಗಬಾರದೆಂದು ಅಕ್ಕುವಿಗೆ ಹಠ.

"ಹಾಡು ಕೇಳಿದರೆ ಗೊಂಬೆ ಹಾಡ್ತದೆ," ಎಂದಳು.

"ಅದರ ಕತ್ತೇ ತಿರುಗುವುದಿಲ್ಲವಲ್ಲ?" ಎಂದೆ.

"ದೋಣಿಗೆ ಆಗುವುದು ಇದಕ್ಕೆ ಆಗುವುದಿಲ್ಲವಾ, ಮಾರಾಯ್ತಿ?"

ದೋಣಿಯ ಮರಕ್ಕೆ ಬಳಿಯುವ ಬೂತಾಯಿ ಮೀನಿನ ಎಣ್ಣೆಯನ್ನು ಕೀಲಿಯ ತೂತಿಗೆ ಹೊಯ್ದಳು. ಕತ್ತು ಸಲೀಸಾಗಿ ತಿರುಗಿತು.

ಗಂಡಿನವರು ಬಂದರು. ಹುಡುಗನ ತಾಯಿ ಕೇಳಿಯೇಬಿಟ್ಟಳು: "ಹುಡುಗಿಗೆ ಹಾಡು ಬರ್ತದಾ?"

ಅಕ್ಕು ಗೊಂಬೆ ತಂದಿಟ್ಟು ಕೀಲಿ ಕೊಟ್ಟಳು. "ಹಾಡಲಿಕ್ಕೆ ಇದು ಉಂಟು. ಮಗಳು ಬೇರೆ ಎಲ್ಲ ಕೆಲಸ ಮಾಡ್ತಾಳೆ."

ದೊರೆಸಾನಿ ಬೀಸಣಿಗೆ ಬೀಸಿದಷ್ಟೂ ಬೂತಾಯಿ ವಾಸನೆ ಚಾವಡಿಯೆಲ್ಲ ಹರಡಿತು. ಕೇರಿಯ ಬೆಕ್ಕುಗಳು ಒಂದೊಂದಾಗಿ ಬಂದು ಪೂಜೆಗೆ ಕೂತವರ ಹಾಗೆ ಸುತ್ತ ಕೂತವು. ಒಂದು ಗಂಡುಬೆಕ್ಕು ಹಾರಿ ದೊರೆಸಾನಿಯ ಲಂಗದೊಳಗೆ ತಲೆ ತೂರಿಸಿತು. ದೇವದಾಸನಿಗೆ ಚಾ ಮೂಗಿಗೆ ಏರಿತು. ಅಕ್ಕುವಿನ ಮುಖ ಸಣ್ಣದಾಯಿತು.

ಹುಡುಗನ ತಾಯಿ ಬೆಕ್ಕನ್ನು ಕುತ್ತಿಗೆ ಹಿಡಿದೆತ್ತಿ ಅಂಗಳಕ್ಕೆ ಬಿಟ್ಟಳು. ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ತಾನೇ ಮತ್ತೊಮ್ಮೆ ಕೀಲಿ ಕೊಟ್ಟಳು. ಹಾಡು ಪೂರ್ತಿ ಕೇಳಿದ ಮೇಲೆ ಹೇಳಿದಳು:

"ಹುಡುಗಿ ಆಗಬಹುದು. ಆದರೆ ಜೊತೆಗೆ ಇವಳನ್ನೂ ಕಳಿಸಬೇಕು."

ಕುಮುದಿನಿ ತಾಯಿಯ ಸೆರಗು ಜಗ್ಗಿದಳು. ಅಕ್ಕು ಕೊಸರಿಕೊಂಡಳು.

"ಮಗಳನ್ನು ಬೇಕಾದರೆ ಇವತ್ತೇ ಕರಕೊಂಡು ಹೋಗಿ, ಅಕ್ಕ. ಗೊಂಬೆ ಕೊಡುವುದಿಲ್ಲ. ನೋಡಬೇಕೆಂದು ಕಂಡಾಗ ಬನ್ನಿ, ಚಾ ಕೊಡ್ತೇನೆ."

ಆ ಹೆಂಗಸು ಗೊಂಬೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಪುನಃ ಗೊಂಬೆಯನ್ನು ನೋಡಿದಳು. "ಸಕ್ಕರೆ ಸ್ವಲ್ಪ ಜಾಸ್ತಿ ಹಾಕಬೇಕು ಹಾಗಾದರೆ," ಎಂದಳು.

ಮೇ ತಿಂಗಳಲ್ಲಿ ಮದುವೆ ಆಯಿತು. ಬೀಗಿತ್ತಿ ಪ್ರತಿ ಭಾನುವಾರ ಬರುತ್ತಿದ್ದಳು, ಸೊಸೆಯ ಸುದ್ದಿ ಹೇಳಲು. ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಕೂರುವುದು ಮಾತ್ರ ಸಂಜೆಯವರೆಗೆ.